ಬೊರಿವಲಿಯ ಹುತ್ತದಿಂದ ಪಿಎಚ್‌ಡಿವರೆಗೆ

ಎಲೆ ಕತ್ತರಿಸಿ ಹೊತ್ತೊಯ್ದು, ಅದರ ಮೇಲೆ ಶಿಲೀಂಧ್ರ ಬೆಳೆದು ತಿನ್ನುವ ಇರುವೆಗಳನ್ನು ಟಿವಿಯಲ್ಲಿ ನೋಡಿ, ‘ನಾನೂ ಇದರಲ್ಲೇ ಸಂಶೋಧನೆ ಮಾಡುತ್ತೇನೆ’ ಎನ್ನುವ ಮುಂಬೈ ವಿದ್ಯಾರ್ಥಿಗಳಿದ್ದಾರೆ. ಆದರೆ ಶಿಲೀಂಧ್ರ ಬೇಸಾಯದ ಆ ಇರುವೆಗಳು, ಸುಮಾರು 250 ಜಾತಿಗಳಷ್ಟೂ, ಅಮೆರಿಕ ಖಂಡಗಳವು. ನಮ್ಮಲ್ಲಿ ಅದೇ ಕಸುಬು ಮಾಡುವುದು ಗೆದ್ದಲು. ‘ಬಿಳಿ ಇರುವೆ’ ಎಂದು ಕರೆದರೂ ಅದು ಜಿರಳೆಯ ನೆಂಟ. ಹಾಗಾಗಿ ಬ್ರೆಜಿಲ್‌ನ ಕನಸು ಬಿಟ್ಟು ಬೊರಿವಲಿಯ ರಾಷ್ಟ್ರೀಯ ಉದ್ಯಾನದಂಥ ಕಾಡಿನ ಹುತ್ತದಿಂದಲೇ ಶುರುಮಾಡಬಹುದು.

ಹುತ್ತ ಎಂದರೆ ನಮಗೆ ಮೊದಲು ನೆನಪಾಗುವುದು ನಾಗಪ್ಪ. ಒಳಗಿನ ಒಕ್ಕಲುತನ ಅದಕ್ಕಿಂತ ಸೋಜಿಗದ್ದು. ಕೆಲಸಗಾರ ಗೆದ್ದಲು ತರಗೆಲೆ, ಒಣಕಟ್ಟಿಗೆಯ ಜೊತೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರದ ಬೀಜಕಣಗಳನ್ನೂ ನುಂಗುತ್ತದೆ. ಬೆರೆತು ಹೊರಬಂದ ಹಿಕ್ಕೆಯನ್ನು ಒಟ್ಟಿ ಸ್ಪಂಜಿನಂಥ ತಟ್ಟಿ ಕಟ್ಟುತ್ತದೆ. ಗೆದ್ದಲಿಗೆ ಸುಲಭವಾಗಿ ಜೀರ್ಣವಾಗದ, ಕಟ್ಟಿಗೆಯ ಗಟ್ಟಿ ಅಂಶವಾದ ಲಿಗ್ನಿನ್ನನ್ನು ಶಿಲೀಂಧ್ರ ಅಲ್ಲೇ ಒಡೆಯುತ್ತದೆ. ಹಣ್ಣಾದ ತಟ್ಟಿ ಗೆದ್ದಲಿನ ಊಟ. ಮಳೆಗಾಲದಲ್ಲಿ ಹುತ್ತದ ಬಳಿ ಏಳುವ, ಊರಲ್ಲಿ ಸಾರು ಮಾಡುವ ಅಣಬೆ ಇದೇ ಶಿಲೀಂಧ್ರದ್ದು.

ಈ ಹೊಲದಲ್ಲಿ ಕಳೆಯೂ ಉಂಟು: ಸುಡೊಕ್ಸೈಲೇರಿಯ. ಗೆದ್ದಲು ಓಡಾಡುತ್ತಿರುವಷ್ಟು ದಿನ ಅದು ತಲೆ ಎತ್ತುವುದಿಲ್ಲ. ತಟ್ಟಿಯನ್ನು ಹೊರತೆಗೆದು ಗೆದ್ದಲನ್ನು ಬೇರ್ಪಡಿಸಿಟ್ಟರೆ ಕೆಲವೇ ದಿನಗಳಲ್ಲಿ ಬೆಳೆಯನ್ನೆಲ್ಲ ಮುಚ್ಚಿಬಿಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜೆಸ್ ಅವರ ಗುಂಪು 2017ರಲ್ಲಿ ತೋರಿಸಿದ್ದು ಇದನ್ನೇ: ಒಡೊಂಟೊಟರ್ಮಿಸ್ ಒಬೇಸಸ್ ಗೆದ್ದಲು ಬೆಳೆ ಯಾವುದು, ಕಳೆ ಯಾವುದು ಎಂದು ವಾಸನೆಯಿಂದ ಗುರುತಿಸಿ, ಕಳೆಯನ್ನು ಹೂತುಹಾಕುತ್ತದೆ. ಹೂತರೆ ಸಾಕೇ, ಬ್ಯಾಕ್ಟೀರಿಯಾಗಳೂ ಕೈಜೋಡಿಸುತ್ತವೆಯೇ? ಒಂದು ಪಿಎಚ್‌ಡಿಗೆ ಇಷ್ಟು ಪ್ರಶ್ನೆ ಸಾಕು. ಮೊಹಾಲಿಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ (ಐಸರ್) ರಿತೋಬನ್ ರಾಯಚೌಧುರಿ ಅವರ ಗುಂಪೂ ಇದೇ ಗೆದ್ದಲಿನ ಬೆನ್ನು ಹತ್ತಿದೆ. ಇಲ್ಲ, ಇರುವೆಯೇ ಬೇಕು ಎನ್ನುವವರು ಕೋಲ್ಕತ್ತ ಐಸರ್‌ನ ಅಣ್ಣಗಿರಿ ಸುಮನಾ ಅವರ ಕೆಲಸ ಓದಲಿ. ಅಲ್ಲಿ ಇರುವೆಗಳ ನಡವಳಿಕೆಯೇ ಮುಖ್ಯ, ಶಿಲೀಂಧ್ರವಲ್ಲ.

ಇನ್ನು ಪಿಎಚ್‌ಡಿಯ ಬಾಗಿಲುಗಳು. ಬಿಎಸ್‌ಸಿ ಮುಗಿದ ಕೂಡಲೇ ಹೋಗುವುದಾದರೆ ‘ಜಾಮ್’ ಪ್ರವೇಶ ಪರೀಕ್ಷೆ ಬರೆದು ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಎಂಎಸ್‌ಸಿ ಆದವರಿಗೆ ಸಿಎಸ್‌ಐಆರ್-ಯುಜಿಸಿ ನೆಟ್ ಅಥವಾ ಗೇಟ್ ಪರೀಕ್ಷೆ. ಗೇಟ್‌ನಲ್ಲಿ ಇಕಾಲಜಿ ಮತ್ತು ವಿಕಾಸ ಎಂಬ ಪ್ರತ್ಯೇಕ ಪತ್ರಿಕೆಯೇ ಇದೆ. ಕಾಲೇಜಿನಲ್ಲಿ ಇದನ್ನು ಹೇಳುವವರು ಕಡಿಮೆ. ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000. ಇದು 2023ರ ಜನವರಿಯಿಂದ ಜಾರಿಯಾದ ದರ. ಮನೆ ಬಾಡಿಗೆ ಭತ್ಯೆ ಬೇರೆ. ಮೀರಾ ರೋಡ್‌ನಲ್ಲೋ ಡೊಂಬಿವಲಿಯಲ್ಲೋ ಇದ್ದುಕೊಂಡು ಓದುವವರಿಗೆ ಇಷ್ಟರಲ್ಲಿ ಜೀವನ ನಡೆಯುತ್ತದೆ.

ನಗರ ಬಿಡಲಾಗದವರಿಗೆ 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇದೆ. ಮುಂಬೈ ಪ್ರಾಂತ್ಯದ ಅರಣ್ಯಾಧಿಕಾರಿ ರಾಟನ್ ‘ನಮ್ಮ ಇರುವೆಗಳು’ ಎಂಬರ್ಥದ ಲೇಖನಗಳನ್ನು 1892ರಲ್ಲಿ ಬರೆದದ್ದು ಅದರ ಪತ್ರಿಕೆಯಲ್ಲೇ.  ಮುಂಬೈ ವಿಶ್ವವಿದ್ಯಾಲಯದ ಕಲಿನಾ ಕ್ಯಾಂಪಸ್ಸಿನಲ್ಲಿ ಜೀವವಿಜ್ಞಾನ ವಿಭಾಗವೂ ಇದೆ, ಕನ್ನಡ ವಿಭಾಗವೂ ಇದೆ; ಕೊನೆಪಕ್ಷ ಎರಡೂ ಕಡೆ ಚಹಾ ಕುಡಿಯಬಹುದು.

ಪರೀಕ್ಷೆಗಿಂತ ಹೆಚ್ಚಾಗಿ ಮಾರ್ಗದರ್ಶಕರಿಗೆ ಬರೆಯುವ ಮೊದಲ ಇಮೇಲೇ ಕೈಹಿಡಿಯುತ್ತದೆ. ‘ರೆಸ್ಪೆಕ್ಟೆಡ್ ಸರ್’ ಎಂದು ಐವತ್ತು ಜನಕ್ಕೆ ಒಂದೇ ಪತ್ರ ಕಳಿಸಿದರೆ ಉತ್ತರ ಬರುವುದಿಲ್ಲ, ಬರಲೂಬಾರದು. ಅವರ ಒಂದು ಪ್ರಬಂಧ ಓದಿ, ಅದರಲ್ಲಿ ನಿಮಗೆ ಅರ್ಥವಾಗದ ಒಂದು ಪ್ರಯೋಗದ ಬಗ್ಗೆ ಕೇಳಿ. ಹೊಸಬರನ್ನು ತೆಗೆದುಕೊಳ್ಳುತ್ತಿದ್ದಾರೆಯೇ, ನಿವೃತ್ತಿಗೆ ಎಷ್ಟು ವರ್ಷವಿದೆ ಎಂಬುದನ್ನೂ ವಿಚಾರಿಸಿಕೊಳ್ಳಿ, ಸಂಕೋಚ ಬೇಡ.

ಕೊನೆಗೊಂದು ಎಚ್ಚರಿಕೆ: ಬೊರಿವಲಿ ಉದ್ಯಾನದ ಹುತ್ತವನ್ನು ನೋಡಿ ಟಿಪ್ಪಣಿ ಮಾಡಬಹುದು, ಅಗೆಯುವಂತಿಲ್ಲ. ಮಾದರಿ ತೆಗೆಯಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು, ಮಹಾರಾಷ್ಟ್ರದ ವನ್ಯಜೀವಿ ವಿಭಾಗದ ಮುಖ್ಯ ಕಚೇರಿ ಇರುವುದು ನಾಗಪುರದಲ್ಲಿ. ಜೂನ್‌ನ ಅಣಬೆ ಬೇಕೆಂದರೆ ಅರ್ಜಿ ಚಳಿಗಾಲದಲ್ಲೇ ಹೋಗಿರಬೇಕು.