ಅಂಗನವಾಡಿಯ ಅಂಗನೆಯರು

ಸಂಸ್ಕೃತದಲ್ಲಿ ಅಂಗನವೆಂದರೆ ಅಂಗಳ. ಕೊನೆಗೆ ದೀರ್ಘವೊಂದು ಸೇರಿ ಅಂಗನಾ ಎಂದಾದರೆ ಸ್ತ್ರೀ. ನಮ್ಮ ಕೇರಿಯ ಅಂಗನವಾಡಿಯಲ್ಲಿ ಹೆಸರು ಅಂಗಳದ್ದಾದರೂ ಭಾರವೆಲ್ಲವೂ ಇಬ್ಬರು ಸ್ತ್ರೀಯರದೇ. ಒಬ್ಬರು ಕಾರ್ಯಕರ್ತೆ, ಇನ್ನೊಬ್ಬರು ಸಹಾಯಕಿ.

ಈ ಹೆಸರಿಗೊಂದು ಚರಿತ್ರೆಯುಂಟು. 1945ರಲ್ಲಿ ತಾರಾಬಾಯಿ ಮೋಡಕರು ಅಂದಿನ ಮುಂಬಯಿ ಪ್ರಾಂತದ ಬೋರ್ಡಿ ಎಂಬ ಕಡಲತೀರದ ಗ್ರಾಮದಲ್ಲಿ ಶಿಶುಶಿಕ್ಷಣ ಕೇಂದ್ರವನ್ನು ತೆರೆದರು. ಬಾಲ್ಯದಲ್ಲಿಯೇ ವೈಧವ್ಯವನ್ನು ಕಂಡಿದ್ದ ಅನುತಾಯಿ ವಾಘರು ಅವರೊಡನೆ ನಿಂತರು. ಬಡವರ ಮಕ್ಕಳು ಶಾಲೆಗೆ ಬಾರದಿರಲು, ಈ ಸ್ತ್ರೀಯರು ಶಾಲೆಯನ್ನೇ ಅವರ ಮನೆಯಂಗಳಕ್ಕೆ ಕೊಂಡೊಯ್ದರು. ಬೆಲೆಯುಳ್ಳ ಪಾಠೋಪಕರಣಗಳ ಸ್ಥಾನದಲ್ಲಿ ಕಪ್ಪೆಚಿಪ್ಪು, ಬೆಣಚುಕಲ್ಲು, ಎಲೆಗಳು ಬಂದವು. ಮುಂದೆ 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರವು ದೇಶದ 33 ಕಡೆಗಳಲ್ಲಿ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ, ಅವುಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದಾಗಿತ್ತು.

ಸಹಾಯಕಿಯ ದಿನವು ಪೊರಕೆಯಿಂದ ಮೊದಲಾಗುವುದು. ಕಸ ಗುಡಿಸಿ, ನೀರು ತುಂಬಿಸಿ, ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವಳು. ಅಳುವ ಕೂಸೊಂದನ್ನು ಸೊಂಟದಲ್ಲಿಟ್ಟುಕೊಂಡೇ ಒಲೆಯ ಮೇಲಿನ ಅನ್ನವನ್ನು ನೋಡುವಳು. ಮೂಗು ಒರೆಸುವುದು, ಚಡ್ಡಿ ಬದಲಿಸುವುದು, ಮೊಟ್ಟೆಯ ಸಿಪ್ಪೆ ಸುಲಿದು ಕೈಗಿಡುವುದು, ಇವು ಯಾವ ದಾಖಲೆಯಲ್ಲಿಯೂ ಕಾಣವು. ತಾಯಂದಿರು ಮಾತ್ರ ಮಗುವನ್ನು ಬಿಟ್ಟು ಕೂಲಿಗೆ ಹೋಗುವಾಗ ಹಿಂದಿರುಗಿ ನೋಡುವುದು ಈಕೆಯ ಮುಖವನ್ನೇ.

ಕಾರ್ಯಕರ್ತೆಯು ಹಾಡು ಹೇಳಿಸುವಳು, ಕಥೆ ಹೇಳುವಳು. ತಿಂಗಳಿಗೊಮ್ಮೆ ಮಕ್ಕಳನ್ನು ತೂಗುವಳು. ತೋಳಿನ ಸುತ್ತಳತೆ ಹಿಡಿಯಲು ಬಣ್ಣದ ಪಟ್ಟಿಯೊಂದಿದೆ. ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಪಟ್ಟಿಯ ಕೆಂಪು ಭಾಗವು ಕಾಣುವುದು. ಅದು ತೀವ್ರ ಅಪೌಷ್ಟಿಕತೆಯ ಗುರುತು. ಮೈಮೇಲೆ ಒಳ್ಳೆಯ ಅಂಗಿಯಿದ್ದರೆ ನೆರೆಯವರ ಕಣ್ಣು ಮೋಸಹೋಗಬಹುದು, ಪಟ್ಟಿಯು ಮೋಸಹೋಗದು. ಆ ಕೆಂಪನ್ನು ಕಂಡ ದಿನವೇ ಆಕೆ ಮಗುವಿನ ಮನೆಯ ಬಾಗಿಲಿಗೆ ಹೋಗಬೇಕು, ತಾಯಿಗೆ ನೋವಾಗದಂತೆ ವಿಷಯವನ್ನು ತಿಳಿಸಬೇಕು. ನಲವತ್ತು ಮಕ್ಕಳ ತರಗತಿಯನ್ನು ಹತೋಟಿಯಲ್ಲಿಡಬಲ್ಲೆವೆಂದು ಹೆಮ್ಮೆಪಡುವ ನಮ್ಮಂತಹ ಉಪಾಧ್ಯಾಯರಿಗೆ ಈ ಒಂದು ಮಾತನ್ನು ಆಡಲು ಬಂದೀತೇ ಎಂಬುದು ಸಂದೇಹ. ಇಷ್ಟರ ಮೇಲೆ ಗರ್ಭಿಣಿಯರ ಪಟ್ಟಿ, ಲಸಿಕೆಯ ದಿನ, ಊರಿನ ಗಣತಿಗಳು, ಮೊಬೈಲಿನಲ್ಲಿ ತುಂಬಬೇಕಾದ ಲೆಕ್ಕಗಳು.

ಇಷ್ಟಕ್ಕೆ ದೊರೆಯುವುದು ಸಂಬಳವಲ್ಲ, ಗೌರವಧನ. ಈ ಸಮಾಸದಲ್ಲಿ ಪೂರ್ವಪದವು ದೊಡ್ಡದು, ಉತ್ತರಪದವು ಚಿಕ್ಕದು! 2006ರಲ್ಲಿ ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಇವರದು ಸರಕಾರಿ ಹುದ್ದೆಯಲ್ಲವೆಂದು ತೀರ್ಮಾನಿಸಿತು. ಇದು ಅರೆಕಾಲಿಕ ಸೇವೆಯೆಂಬ ವಾದವೂ ಬಹುಕಾಲ ನಡೆಯಿತು. ಹಾಗೆನ್ನುವವರು ಒಂದು ದಿನ ಆ ಒಲೆಯ ಮುಂದೆ ಕುಳಿತು ನೋಡಲಿ. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯವು ಆ ವಾದವನ್ನು ಒಪ್ಪದೆ, 1972ರ ಗ್ರ್ಯಾಚುಯಿಟಿ ಕಾಯಿದೆಯು ಇವರಿಗೂ ಅನ್ವಯಿಸುವುದೆಂದು ತೀರ್ಪಿತ್ತಿತು. ಆ ತೀರ್ಪಿನಲ್ಲಿ ಕಾರ್ಯಕರ್ತೆಯ ಜೊತೆಗೆ ಸಹಾಯಕಿಯನ್ನೂ ಹೆಸರಿಸಲಾಗಿದೆ.