ಲಾರಿಯ ಹಿಂದಿನ ಆಕ್ಸಲ್ಲಿಗೂ ಒಂದು ಮೂಗಿದೆ

ಹೆದ್ದಾರಿಯ ಢಾಬಾಗಳ ಮುಂದೆ ಸಾಲುಗಟ್ಟಿ ನಿಂತ ಲಾರಿಗಳನ್ನು ನೋಡುವಾಗ ನಮ್ಮ ಕಣ್ಣು ಹೋಗುವುದು ಹಣೆಯ ಮೇಲಿನ ದೇವರ ಹೆಸರಿನ ಕಡೆಗೆ, ಇಲ್ಲವೇ ಹಿಂಭಾಗದಲ್ಲಿ ಬರೆಸಿದ ವೇದಾಂತದ ಕಡೆಗೆ. ಸ್ವಲ್ಪ ಬಗ್ಗಿ ಹಿಂದಿನ ಚಕ್ರಗಳ ಒಳಬದಿಯನ್ನು ನೋಡಿದರೆ ಕೆಲವು ಲಾರಿಗಳಲ್ಲಿ ಇನ್ನೊಂದು ಬರಹವೂ ಕಾಣುತ್ತದೆ: ಕಪ್ಪು ಎಣ್ಣೆಯ ಜಿನುಗು, ಅದರ ಮೇಲೆ ಅಂಟಿದ ಧೂಳು. ‘ಸೀಲ್ ಹೋಗಿದೆ’ ಎನ್ನುತ್ತಾರೆ ಡ್ರೈವರುಗಳು. ಗ್ಯಾರೇಜಿನಲ್ಲಿ ಹೊಸ ಸೀಲ್ ಬೀಳುತ್ತದೆ. ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಜಿನುಗು. ಡೂಪ್ಲಿಕೇಟ್ ಮಾಲು ಕೊಟ್ಟನೆಂದು ಅಂಗಡಿಯವನಿಗೆ ಬೈಗುಳ.

ಅಂಗಡಿಯವನನ್ನು ಬೈಯುವ ಮೊದಲು ನೋಡಬೇಕಾದ ಜಾಗ ಇನ್ನೊಂದಿದೆ. ಎರಡು ಹಿಂಚಕ್ರಗಳ ನಡುವೆ, ಹೊಟ್ಟೆ ಉಬ್ಬಿದ ಕಬ್ಬಿಣದ ಕವಚವೊಂದು ಅಡ್ಡಲಾಗಿ ಮಲಗಿರುತ್ತದಲ್ಲ, ಅದನ್ನು ಮೆಕ್ಯಾನಿಕ್‌ಗಳು ಹೌಸಿಂಗ್ ಎನ್ನುತ್ತಾರೆ. ಅದರ ಬೆನ್ನಿನ ಮೇಲೆ ಹೆಬ್ಬೆರಳಿನ ಗಾತ್ರದ ಒಂದು ತುಂಡು, ತಲೆಗೊಂದು ಸಡಿಲವಾದ ಟೊಪ್ಪಿ. ಇದೇ ಬ್ರೀದರ್. ಕೆಸರು ಮೆತ್ತಿಕೊಂಡು ಸಾಮಾನ್ಯವಾಗಿ ಕಣ್ಣಿಗೇ ಬೀಳುವುದಿಲ್ಲ. ಆಕ್ಸಲ್ ಉಸಿರಾಡುವುದು ಇದರ ಮೂಲಕ.

ಕಬ್ಬಿಣಕ್ಕೆಂಥ ಉಸಿರಾಟ ಎಂದು ಕೇಳಬಹುದು. ಹೌಸಿಂಗಿನ ಒಳಗೆ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಗಾಲಿಗಳಿವೆ. ಎಂಜಿನ್ನಿನಿಂದ ಬಂದ ತಿರುಗುವ ಬಲವನ್ನು ಅಡ್ಡಕ್ಕೆ ಹೊರಳಿಸಿ ಚಕ್ರಗಳಿಗೆ ಮುಟ್ಟಿಸುವುದು ಅವುಗಳ ಕೆಲಸ. ಹಲ್ಲಿಗೆ ಹಲ್ಲು ಉಜ್ಜುವಾಗ ಒಂದಿಷ್ಟು ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. ಘಾಟಿ ಹತ್ತುತ್ತಿರುವ ಲಾರಿಯೊಂದು 100 ಕಿಲೋವಾಟ್ ಶಕ್ತಿಯನ್ನು ಹಿಂದಕ್ಕೆ ಕಳಿಸುತ್ತಿದೆ, ಅದರಲ್ಲಿ ನೂರಕ್ಕೆ ಮೂರು ಭಾಗ ಇಲ್ಲಿ ವ್ಯರ್ಥವಾಗುತ್ತಿದೆ ಎಂದಿಟ್ಟುಕೊಳ್ಳಿ. ಅಂದರೆ 3 ಕಿಲೋವಾಟ್. ಸ್ನಾನದ ನೀರು ಕಾಯಿಸುವ 1.5 ಕಿಲೋವಾಟಿನ ಎರಡು ರಾಡುಗಳನ್ನು ಆ ಗೇರ್ ಆಯಿಲ್‌ನೊಳಗೆ ಅದ್ದಿ ಇಟ್ಟ ಹಾಗಾಯಿತು! ಎಣ್ಣೆ ಕಾಯುತ್ತದೆ, ಎಣ್ಣೆಯ ಮೇಲಿರುವ ಗಾಳಿಯೂ ಕಾಯುತ್ತದೆ.

ಕಾದ ಗಾಳಿ ಹಿಗ್ಗುತ್ತದೆ, ಹಿಗ್ಗಲು ಜಾಗವಿಲ್ಲದಿದ್ದರೆ ಅದರ ಒತ್ತಡ ಏರುತ್ತದೆ ಎಂಬುದು ಶಾಲಾ ಪುಸ್ತಕದ ಪಾಠ. ಲೆಕ್ಕವೂ ಸುಲಭ. ಸೆಲ್ಸಿಯಸ್ ಅಂಕಿಗೆ 273 ಸೇರಿಸಿದರೆ ಕೆಲ್ವಿನ್ ಸಿಗುತ್ತದೆ. 30 ಡಿಗ್ರಿಯ ಗಾಳಿ 303 ಕೆಲ್ವಿನ್. ಅದು 90 ಡಿಗ್ರಿಗೆ ಕಾದರೆ 363. ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡಿ. ಬಾಯಿ ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಸರಿಸುಮಾರು ಐದನೇ ಒಂದು ಪಾಲು ಹೆಚ್ಚುತ್ತದೆ.

ಇದರ ಮೇಲೆ ಘಾಟಿಯ ಕಾಣಿಕೆ ಬೇರೆ. ಮಂಗಳೂರಿನಲ್ಲಿ ಮಾಲು ತುಂಬಿದ ಲಾರಿ ಶಿರಾಡಿ ಹತ್ತಿ ಸಕಲೇಶಪುರ ಸೇರುವಾಗ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೇರಿರುತ್ತದೆ. ಅಷ್ಟು ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಹತ್ತನೇ ಒಂದು ಪಾಲಿನಷ್ಟು ಕಡಿಮೆ. ಒಳಗೆ ಒತ್ತಡ ಏರಿದೆ, ಹೊರಗೆ ಇಳಿದಿದೆ. ಬ್ರೀದರ್ ಕಟ್ಟಿಕೊಂಡಿದ್ದರೆ ಎರಡೂ ಕೂಡಿ ಚದರ ಸೆಂಟಿಮೀಟರಿಗೆ ಸುಮಾರು 300 ಗ್ರಾಂ ಭಾರದಷ್ಟು ತಳ್ಳುವಿಕೆ ಹುಟ್ಟುತ್ತದೆ. ಲಾರಿ ಟಯರಿನ ಒತ್ತಡದ ಮುಂದೆ ಇದು ಏನೇನೂ ಅಲ್ಲ. ಆದರೆ ಆಯಿಲ್ ಸೀಲ್ ಎಂದರೆ ತಿರುಗುವ ಭಾಗಕ್ಕೆ ಹಗುರಾಗಿ ಒತ್ತಿಕೊಂಡ ರಬ್ಬರಿನ ತುಟಿ, ಅದನ್ನು ಹಿಡಿದಿಡಲು ಬಳೆಯಂಥ ಒಂದು ತೆಳು ಸ್ಪ್ರಿಂಗು. ಚಿಮ್ಮುವ ಎಣ್ಣೆಯನ್ನು ತಡೆಯಬಲ್ಲದೇ ಹೊರತು ಒಳಗಿನಿಂದ ಗಂಟೆಗಟ್ಟಲೆ ತಳ್ಳುವ ಗಾಳಿಯನ್ನು ತಡೆಯಲೆಂದು ಅದನ್ನು ಮಾಡಿಲ್ಲ. ಗಾಳಿ ಸೀಲಿನ ಸಂದಿಯಲ್ಲಿ ದಾರಿ ಹುಡುಕುತ್ತದೆ, ಹೋಗುವಾಗ ಎಣ್ಣೆಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಹೊರಬಂದ ಎಣ್ಣೆ ನೆಲಕ್ಕೆ ಬಿದ್ದರೆ ದುಡ್ಡಿನ ನಷ್ಟ ಮಾತ್ರ. ಹಬ್ಬಿನ ಸೀಲಿನಿಂದ ಬಂದದ್ದು ಬ್ರೇಕ್ ಡ್ರಮ್ಮಿನ ಒಳಗಿಳಿದು ಲೈನರಿಗೆ ಮೆತ್ತಿಕೊಂಡರೆ ಜೀವದ ಮಾತು. ಎಣ್ಣೆ ಕುಡಿದ ಲೈನರ್ ಡ್ರಮ್ಮನ್ನು ಹಿಡಿಯುವುದಿಲ್ಲ. ಒಂದು ಬದಿ ಹಿಡಿದು ಇನ್ನೊಂದು ಬದಿ ಜಾರಿದರೆ ಲಾರಿ ಎತ್ತಲೋ ಎಳೆಯುತ್ತದೆ. ಮಳೆಗಾಲದ ಘಾಟಿಯಲ್ಲಿ, ತುಂಬಿದ ಲೋಡಿನಲ್ಲಿ ಇದು ಏನಾಗಬಹುದೆಂದು ವಿವರಿಸಬೇಕಿಲ್ಲ.

ಎಣ್ಣೆ ಹೊರಕ್ಕೆ ಬರುವುದು ಅರ್ಧ ಕಥೆ. ತಣ್ಣಗಾಗುವಾಗ ಉಳಿದರ್ಧ. ಬಿಸಿ ಅನ್ನ ತುಂಬಿ ಬಿಗಿಯಾಗಿ ಮುಚ್ಚಿದ ಸ್ಟೀಲ್ ಡಬ್ಬಿಯ ಮುಚ್ಚಳ ಮಧ್ಯಾಹ್ನದ ಹೊತ್ತಿಗೆ ಬಿಗಿದು ಕೂತಿರುವುದನ್ನು ಡಬ್ಬಿ ಒಯ್ಯುವವರೆಲ್ಲ ಬಲ್ಲರು. ಒಳಗಿನ ಗಾಳಿ ಕುಗ್ಗಿ, ಹಬೆ ನೀರಾಗಿ, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿದಿರುತ್ತದೆ. ಆಕ್ಸಲ್ಲೂ ಹಾಗೆಯೇ ಒಳಕ್ಕೆ ಎಳೆಯುತ್ತದೆ. ನಮ್ಮಲ್ಲಿ ದೂರದಿಂದ ಬಂದ ಲಾರಿಯನ್ನು ನೇರವಾಗಿ ಹೊಳೆಗಿಳಿಸಿ ತೊಳೆಯುವ ಅಭ್ಯಾಸವೊಂದುಂಟು. 90 ಡಿಗ್ರಿಯಲ್ಲಿದ್ದ ಹೌಸಿಂಗ್ ನೀರಿನಲ್ಲಿ ಮುಳುಗಿ ಬೇಗನೆ 40 ಡಿಗ್ರಿಗೆ ಇಳಿದರೆ ಒಳಗಿನ ಒತ್ತಡ ಏಳನೇ ಒಂದು ಪಾಲು ಕುಸಿಯುತ್ತದೆ. ಮೇಲೆ ನಿಂತ ಒಂದಡಿ ನೀರು ತನ್ನ ಭಾರದಿಂದ ಒತ್ತುವುದಕ್ಕಿಂತ ಈ ಸೆಳೆತ ನಾಲ್ಕು ಪಟ್ಟಿಗೂ ಮಿಗಿಲು. ಟೊಪ್ಪಿ ಮುರಿದ ಬ್ರೀದರ್ ಇದ್ದರಂತೂ ತೆರೆದ ಬಾಯಿಯಿಂದ ನೀರು ಗಟಗಟನೆ ಒಳಗೆ ಹೋಗುತ್ತದೆ. ಮಾರನೆಯ ದಿನ ಆಯಿಲ್ ಕಾಫಿ ಬಣ್ಣಕ್ಕೋ ಮಜ್ಜಿಗೆಯ ಬಣ್ಣಕ್ಕೋ ತಿರುಗಿರುತ್ತದೆ. ಆಮೇಲೆ ಬೇರಿಂಗಿಗೆ ತುಕ್ಕು, ಕ್ರೌನಿಗೆ ಸವೆತ.

ನಮ್ಮ ರಸ್ತೆಯಲ್ಲೇ ಇರುವ ಹಳೆಯ ವಿದ್ಯಾರ್ಥಿಯೊಬ್ಬ ಒಂದೇ ಲಾರಿ ಇಟ್ಟುಕೊಂಡು ತಾನೇ ಓಡಿಸುತ್ತಾನೆ. ಕಂತು ಇನ್ನೂ ಮುಗಿದಿಲ್ಲ. ಒಂದೇ ಮಳೆಗಾಲದಲ್ಲಿ ಮೂರು ಸಲ ಹಬ್ಬಿನ ಸೀಲ್ ಬದಲಿಸಿದ್ದ. ಮೂರನೆಯದರ ನಂತರ ಘಾಟಿ ಇಳಿಯುವಾಗ ಲಾರಿ ಎಡಕ್ಕೆ ಎಳೆದು, ಸುಟ್ಟ ವಾಸನೆ ಬಂದು, ಗೇರಿನಲ್ಲೇ ತಡೆದು ನಿಲ್ಲಿಸಿದನಂತೆ. “ದೇವ್ರು ದೊಡ್ಡೋನು ಸಾರ್” ಎಂದ. ನನ್ನ ಸ್ಕೂಟರ್ ಬಿಟ್ಟಿದ್ದ ಗ್ಯಾರೇಜಿಗೇ ಅವನ ಲಾರಿಯೂ ಬಂದಿತ್ತು. ಮೇಸ್ತ್ರಿ ಕೆಳಗೆ ನುಸುಳಿ, ಹೌಸಿಂಗಿನ ಬೆನ್ನು ಒರೆಸಿ, “ಸಾರ್, ಇಲ್ನೋಡಿ” ಎಂದು ಕರೆದ. ಬ್ರೀದರ್ ಮುರಿದಾಗ ಹಿಂದೆ ಯಾರೋ ಆ ತೂತಿಗೆ ಒಂದು ಬೋಲ್ಟ್ ಬಿಗಿದು, ಸುತ್ತ ಎಂ-ಸೀಲ್ ಮೆತ್ತಿದ್ದರು. ಧೂಳು, ನೀರು ಹೋಗದಿರಲಿ ಎಂಬ ಸದುದ್ದೇಶವೇ ಇರಬೇಕು. ಭದ್ರವಾಗಿಯೇ ಮಾಡಿದ್ದರು, ಅದೇ ತೊಂದರೆಯಾಗಿತ್ತು.

ಬದಲಿಸುವ ಕೆಲಸ ಕಷ್ಟದ್ದಲ್ಲ, ಆದರೆ ಅವಸರದ್ದಲ್ಲ. ಲಾರಿ ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು, ಚಕ್ರಗಳಿಗೆ ಮರದ ತುಂಡು ಒಡ್ಡಿರಬೇಕು, ಆಕ್ಸಲ್ ತಣ್ಣಗಾಗಿರಬೇಕು. ಬಿಚ್ಚುವ ಮೊದಲು ಸುತ್ತಲಿನ ಕೆಸರನ್ನು ಡೀಸೆಲ್ ಮತ್ತು ಬ್ರಷ್ಷಿನಿಂದ ಉಜ್ಜಿ ತೆಗೆದು ಒರೆಸಬೇಕು. ಈ ಹತ್ತು ನಿಮಿಷವನ್ನು ಉಳಿಸಲು ಹೋದವರು ತೂತಿನ ಸುತ್ತಲ ಮರಳನ್ನೆಲ್ಲ ತಾವೇ ಗೇರಿನ ಮೇಲೆ ಸುರಿದಂತೆ. ಪೂರ್ತಿ ಬ್ರೀದರ್ ಇದ್ದರೆ ಪಾನಾ ಹಾಕಿ ತಿರುಗಿಸಿದರೆ ಬರುತ್ತದೆ. ಕತ್ತು ಮುರಿದು ಮರೆಯ ಭಾಗ ತೂತಿನಲ್ಲೇ ಉಳಿದಿದ್ದರೆ ಮೇಸ್ತ್ರಿಯ ತಾಳ್ಮೆಯ ಪರೀಕ್ಷೆ. ನಮ್ಮ ಮೇಸ್ತ್ರಿ ಸುತ್ತಿಗೆ ಮುಟ್ಟಲಿಲ್ಲ. ಬೋಲ್ಟ್ ತೆಗೆದ ಮೇಲೆ ತಳದಲ್ಲಿ ಹಳೆಯ ಹಿತ್ತಾಳೆಯ ಚೂರೊಂದು ಉಂಗುರದಂತೆ ಕಚ್ಚಿಕೊಂಡಿತ್ತು. ಹಳೆಯ ಅರದ ಚೂಪು ಬಾಲಕ್ಕೆ ದಪ್ಪಗೆ ಗ್ರೀಸ್ ಬಳಿದು, ಉಂಗುರದೊಳಗೆ ಮೆಲ್ಲಗೆ ತೂರಿಸಿ, ಎಡಕ್ಕೆ ತಿರುಗಿಸಿದ. ಎರಡು ಸಲ ಜಾರಿತು, ಮೂರನೆಯ ಸಲ ಬಂತು. ಗ್ರೀಸ್ ಏಕೆಂದರೆ, ಉದುರುವ ಪುಡಿ ಅದಕ್ಕೆ ಅಂಟಿಕೊಳ್ಳಬೇಕು. ಹಿತ್ತಾಳೆಯನ್ನು ಅಯಸ್ಕಾಂತ ಹಿಡಿಯುವುದಿಲ್ಲವಾದ್ದರಿಂದ ಒಳಗೆ ಬಿದ್ದ ಚೂರನ್ನು ಆಮೇಲೆ ಹುಡುಕುವುದು ಸುಲಭವಲ್ಲ. ದೊಡ್ಡ ಚೂರು ಬಿದ್ದದ್ದು ಗೊತ್ತಾದರೆ ಎಷ್ಟೇ ಬೇಸರವಾದರೂ ಹೌಸಿಂಗ್ ಬಿಚ್ಚಲೇಬೇಕು, ಇಲ್ಲದಿದ್ದರೆ ಅದು ಕ್ರೌನಿನ ಹಲ್ಲುಗಳ ನಡುವೆ ಸಿಕ್ಕಿಕೊಳ್ಳುವ ದಿನ ಬರುತ್ತದೆ.

ಹೊಸದನ್ನು ತರುವಾಗ ಹಳೆಯ ತುಂಡನ್ನೇ ಅಂಗಡಿಗೆ ಒಯ್ಯುವುದು ಮೇಲು. ಮರೆಯ ಅಳತೆ ಎಲ್ಲ ಮಾಡೆಲ್‌ಗೂ ಒಂದೇ ಅಲ್ಲ. ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ, ಕೊನೆಗೆ ಪಾನಾದಿಂದ ಹದವಾಗಿ ಬಿಗಿದರೆ ಸಾಕು; ಟೊಳ್ಳು ತುಂಡಾದ್ದರಿಂದ ಬಲ ಹೆಚ್ಚಾದರೆ ಹೊಸದೂ ಮುರಿಯುತ್ತದೆ. ಟೊಪ್ಪಿ ಕೈಯಲ್ಲಿ ಅಲುಗುತ್ತಿದೆಯೇ ನೋಡಬೇಕು. ಚಾಸಿಗೆ ಬಣ್ಣ ಹೊಡೆಸುವಾಗ ಟೊಪ್ಪಿಯ ಸಂದಿಗೂ ಬಣ್ಣ ಬಳಿದು ಉಸಿರು ಕಟ್ಟಿಸುವವರಿದ್ದಾರೆ. ಹಳ್ಳ ದಾಟುವ ಗಾಡಿಗಳಿಗೆ ಟೊಪ್ಪಿಯ ಬದಲು ರಬ್ಬರ್ ಪೈಪ್ ಸಿಕ್ಕಿಸಿ ಅದರ ತುದಿಯನ್ನು ಎತ್ತರದಲ್ಲಿ ಕಟ್ಟುವುದುಂಟು. ಒಳ್ಳೆಯ ಉಪಾಯ. ಆಕ್ಸಲ್ ಮೇಲೆ ಕೆಳಗೆ ಕುಣಿಯುವುದರಿಂದ ಪೈಪಿಗೆ ಸಡಿಲು ಬೇಕು, ಆದರೆ ನೀರು ನಿಲ್ಲುವಂತೆ ನಡುವೆ ಜೋತುಬಿದ್ದಿರಬಾರದು.

ಅಂದಹಾಗೆ ಈ ಉಪಾಯ ಲಾರಿಗೆ ಮಾತ್ರ ಸೀಮಿತವಲ್ಲ. ದೊಡ್ಡ ವಿದ್ಯುತ್ ಟ್ರಾನ್ಸ್‌ಫಾರ್ಮರುಗಳ ಪಕ್ಕದಲ್ಲಿ ಗಾಜಿನ ಬುರುಡೆಯೊಂದು ನೇತಾಡುತ್ತಿರುತ್ತದೆ, ಒಳಗೆ ನೀಲಿ ಹರಳು. ಅದೂ ಬ್ರೀದರೇ. ಟ್ರಾನ್ಸ್‌ಫಾರ್ಮರಿನ ಎಣ್ಣೆ ಕಾದು ತಣಿಯುವಾಗ ಎಳೆದುಕೊಳ್ಳುವ ಗಾಳಿಯ ತೇವವನ್ನು ಸಿಲಿಕಾ ಜೆಲ್ ಹೀರಿಕೊಳ್ಳುತ್ತದೆ. ನೀಲಿ ಹರಳು ನಸುಗೆಂಪಾದರೆ ಬದಲಿಸುವ ಕಾಲ ಬಂತೆಂದು ಅರ್ಥ. ಲಾರಿಗೆ ಇಷ್ಟು ವೈಭವವಿಲ್ಲ.

ಬ್ರೀದರ್ ಹಾಕಿದೊಡನೆ ಹಳೆಯ ಸೀಲು ತಾನಾಗಿ ಸರಿಹೋಗುವುದಿಲ್ಲ. ತುಟಿ ಕೆಟ್ಟ ಸೀಲನ್ನು ಬದಲಿಸಬೇಕು, ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ಒರೆಸಿ ಮತ್ತೆ ಹಾಕದೆ ಹೊಸದನ್ನೇ ಹಾಕಬೇಕು, ಅದೂ ಎರಡೂ ಬದಿಗೆ. ಹುಡುಗ ಇಲ್ಲಿ ಸ್ವಲ್ಪ ಚೌಕಾಸಿ ಮಾಡಿದ. “ಒಂದ್ ಸೈಡ್ ಚೆನ್ನಾಗೇ ಇದೆಯಲ್ಲಣ್ಣ” ಎಂದ. ಮೇಸ್ತ್ರಿ ಉತ್ತರ ಕೊಡದೆ ಎರಡೂ ಡ್ರಮ್ ಬಿಚ್ಚಿದ. ಕೆಳಗಿನ ಪ್ಲಗ್ ತೆಗೆದಾಗ ಬಂದ ಆಯಿಲ್ ಕಾಫಿಯ ಬಣ್ಣವೇ ಆಗಿತ್ತು. ಅದನ್ನು ಪೂರ್ತಿ ಇಳಿಸಿ, ಹೊಸದನ್ನು ಪಕ್ಕದ ತೂತಿನ ಅಂಚಿಗೆ ಮುಟ್ಟುವವರೆಗೆ ಮಾತ್ರ ತುಂಬಿದ. ಇರಲಿ ಎಂದು ಲೀಟರ್ ಹೆಚ್ಚು ಹೊಯ್ದರೆ ನೊರೆಯೆದ್ದು ಬ್ರೀದರಿನಿಂದಲೇ ಉಕ್ಕುತ್ತದೆ.

ಐವತ್ತು ಕಿಲೋಮೀಟರ್ ಓಡಿಸಿ ಬಂದು ತೋರಿಸಲು ಹೇಳಿದ್ದರಿಂದ ಮರುದಿನ ಸಂಜೆ ಲಾರಿ ಮತ್ತೆ ಬಂತು. ಟೊಪ್ಪಿಯ ಬುಡದಲ್ಲಿ ತೆಳ್ಳನೆಯ ಎಣ್ಣೆಯ ಪಸೆ ಇತ್ತು. ಅಷ್ಟು ಇದ್ದರೆ ಗಾಬರಿಯಿಲ್ಲ, ಉಸಿರಾಡುತ್ತಿದೆ ಎಂದೇ ಅರ್ಥ. ಡ್ರಮ್ಮುಗಳ ಒಳಬದಿ ಒಣಗಿತ್ತು. ಮೇಸ್ತ್ರಿ ಆ ಬೋಲ್ಟನ್ನು ಬನಿಯನ್ ವೇಸ್ಟಿನಲ್ಲಿ ಒರೆಸಿ, ಚೆನ್ನಾಗಿದೆಯಲ್ಲ ಎಂದು ತನ್ನ ಡಬ್ಬಕ್ಕೆ ಹಾಕಿಕೊಂಡ.