ಪುರ ಗ್ರಾಮದ ಸೆಗಣಿ ಅನಿಲ ಪ್ರಯೋಗ

ದೂರದ ವಿದ್ಯುದಾಗಾರವನ್ನು ನೆಚ್ಚದೆ ಹಳ್ಳಿಯೊಂದು ತನಗೆ ಬೇಕಾದ ಶಕ್ತಿಯನ್ನು ತಾನೇ ಪಡೆಯಬಹುದೆ? ಈ ಪ್ರಶ್ನೆಯನ್ನು ವಿಚಾರಮಾಡುವವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ ಪ್ರಯೋಗವನ್ನು ಅವಶ್ಯವಾಗಿ ಗಮನಿಸತಕ್ಕದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಗ್ರಾಮೋಪಯೋಗಿ ವಿಜ್ಞಾನಕ್ಕೆಂದು ಒಂದು ಶಾಖೆ ಹುಟ್ಟಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ ‘ಅಸ್ತ್ರ’ ಎಂದಾದುವು. ಪುರದ ಪ್ರಯೋಗವು ಈ ಶಾಖೆಯ ವಿದ್ವಾಂಸರದು.

ಇದರ ತತ್ತ್ವವು ಸರಳವಾದುದು. ಸೆಗಣಿಯನ್ನು ನೀರಿನಲ್ಲಿ ಕದಡಿ ಗಾಳಿ ಸೋಕದ ತೊಟ್ಟಿಯಲ್ಲಿ ಕೊಳೆಯಿಸಿದರೆ ಸೂಕ್ಷ್ಮಜೀವಿಗಳು ಅದನ್ನು ಒಡೆದು ಅನಿಲವನ್ನು ಹೊರಡಿಸುತ್ತವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮೀಥೇನ್, ಉರಿಯುವುದು ಅದೇ. ಉಳಿದ ಬಗ್ಗಡವು ಒಳ್ಳೆಯ ಗೊಬ್ಬರ. ಬೆರಣಿ ತಟ್ಟಿ ಉರಿಸಿದರೆ ಗೊಬ್ಬರ ನಷ್ಟವಾಗುತ್ತದೆ; ಈ ಕ್ರಮದಲ್ಲಿ ಇಂಧನ, ಗೊಬ್ಬರ ಎರಡೂ ದಕ್ಕುತ್ತವೆ.

ಮೊದಲು ಈ ಅನಿಲವನ್ನು ಅಡುಗೆಗೆ ಒದಗಿಸಲು ಯತ್ನಿಸಿದರು. ಊರಿನ ಒಲೆಗಳಿಗೆಲ್ಲ ಸಾಲುವಷ್ಟು ಸೆಗಣಿ ಒದಗದೆ ಆ ಯತ್ನವು ಫಲಿಸಲಿಲ್ಲ. ಗ್ರಾಮಸ್ಥರಿಗೆ ಹೆಚ್ಚು ಅಗತ್ಯವಾಗಿದ್ದುದು ಕುಡಿಯುವ ನೀರು. ಆದಕಾರಣ 1987ರಲ್ಲಿ ಅದೇ ಅನಿಲದಿಂದ ಸುಮಾರು 5 ಕಿಲೋವ್ಯಾಟ್ ಸಾಮರ್ಥ್ಯದ ವಿದ್ಯುಜ್ಜನಕವನ್ನು ನಡೆಯಿಸಿ, ಕೊಳವೆಬಾವಿಯ ನೀರನ್ನೆತ್ತಿ ನಲ್ಲಿಗಳಿಗೆ ಹರಿಯಿಸಿದರು. ಮನೆಗಳಿಗೆ ದೀಪವನ್ನೂ ಕೊಟ್ಟರು. ಡೀಸೆಲ್ ಯಂತ್ರದೊಳಗಿನ ಒತ್ತಡದ ಕಾವಿನಿಂದ ಮೀಥೇನ್ ತಾನಾಗಿ ಹೊತ್ತಿಕೊಳ್ಳದು. ಅದನ್ನು ಹೊತ್ತಿಸುವುದಕ್ಕೆ ಸ್ವಲ್ಪ ಡೀಸೆಲ್ ಬೇಕಾಗುತ್ತಿತ್ತು. ಸೆಗಣಿ ತಂದವರಿಗೆ ತೂಕಕ್ಕೆ ತಕ್ಕ ಹಣವನ್ನು ಕೊಟ್ಟು, ಗೊಬ್ಬರವನ್ನು ಹಿಂದಿರುಗಿಸುತ್ತಿದ್ದರು.

ಅಡುಗೆಯಲ್ಲಿ ಸೋತ ಸೆಗಣಿಯೇ ನೀರಿನಲ್ಲಿ ಗೆದ್ದುದೇಕೆ? ಅಡುಗೆಗೆ ಬೇಕಾದ ಕಾವು ಅಪಾರ. ಮೇಲಾಗಿ ಸೌದೆಯನ್ನು ಜನರು ಹಣಕೊಡದೆ ಆಯ್ದು ತರುತ್ತಿದ್ದರು. ನೀರಿಗೂ ದೀಪಕ್ಕೂ ಬೇಕಾದ ಶಕ್ತಿ ಅಲ್ಪ, ಅದರ ಪ್ರಯೋಜನವಾದರೋ ಸರ್ವರಿಗೂ ಪ್ರತ್ಯಕ್ಷ. ಸೆಗಣಿ ಬಾರದಿದ್ದರೆ ಇಡೀ ಊರಿನ ನಲ್ಲಿ ನಿಲ್ಲುತ್ತದೆ. ಹೀಗೆ ಪ್ರತಿಯೊಂದು ಮನೆಯ ಹಿತವೂ ಊರಿನ ಹಿತದೊಡನೆ ಬೆಸೆದುಕೊಂಡಿತು.

ಹಲವು ವರ್ಷ ನಡೆದ ಬಳಿಕ ಈ ವ್ಯವಸ್ಥೆಯೂ ನಿಂತುಹೋಯಿತು. ರೆಡ್ಡಿಯವರು 2004ರಲ್ಲಿ ಅದರಿಂದ ಕಲಿಯಬೇಕಾದ ಪಾಠಗಳನ್ನು ಕುರಿತು ಬರೆದರು. ತೊಟ್ಟಿಯನ್ನು ಒಮ್ಮೆ ಕಟ್ಟಿದರೆ ಸಾಕು. ಅದನ್ನು ನಡೆಯಿಸುವ ಒಮ್ಮತವನ್ನು ಮಾತ್ರ ದಿನದಿನವೂ ಕಟ್ಟಬೇಕು. ಬಿಸಿಲು, ಗಾಳಿ, ತೊರೆಗಳಿಂದ ಶಕ್ತಿ ಪಡೆಯಬಯಸುವ ಹಳ್ಳಿಗಳಿಗೂ ಈ ಮಾತು ಸಲ್ಲುತ್ತದೆ.